ನಾಲ್ಕನೇ ಜ್ವರ ಮತ್ತು ನನ್ನ ಬೇಸ್ ಪೆಟ್ಟಿಗೆ

ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ನನ್ನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಗಾಳಿಯಲ್ಲೇ ಒಂದು ಗುಂಡಿಯನ್ನು ತಿರುಗಿಸುತ್ತವೆ. ಸದ್ದು ಹತ್ತಿರ ಬಂದಂತೆ ಬಲಕ್ಕೆ, ದೂರ ಹೋದಂತೆ ಎಡಕ್ಕೆ. ನಾನು ಕೆಲಸ ಮಾಡುವುದು ವಿಮಾನ ನಿಲ್ದಾಣದ ಸರಕು ಗೋದಾಮಿನಲ್ಲಿ. ಅಲ್ಲಿ ಈ ಬೆರಳುಗಳಿಗೆ ಎಷ್ಟು ಕೆಲಸ ಬೀಳುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಮೇಜಿನ ಹುಡುಗಿಯಂತೂ "ಅಕ್ಕ, ನರದ ತೊಂದ್ರೆ ಇರ್ಬೇಕು, ಒಂದ್ಸಲ ತೋರಿಸ್ಕೊಳ್ಳಿ" ಎಂದು ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿದ್ದಾಳೆ. ನರಕ್ಕೆ ಏನೂ ಆಗಿಲ್ಲ. ನಾನು ಸಬ್‌ವೂಫರ್, ಅಂದರೆ ಬೇಸ್ ಪೆಟ್ಟಿಗೆ, ಕೊಂಡ ವಾರದಲ್ಲಿ ಅಂಟಿಕೊಂಡ ಚಟ ಇದು.

ಸಬ್‌ವೂಫರಿನ ಹುಚ್ಚು ಒಬ್ಬ ಹೆಂಗಸಿಗೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಮ್ಮಪ್ಪನಿಂದ ಬಂತು. ಅಪ್ಪ ಹೊಸಕೋಟೆಯಲ್ಲಿ ಮದುವೆ, ನಾಮಕರಣ, ಗಣೇಶನ ಮೆರವಣಿಗೆಗಳಿಗೆಲ್ಲ ಮೈಕು, ಪೆಟ್ಟಿಗೆ ಬಾಡಿಗೆಗೆ ಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಕುರ್ಚಿ ಎನ್ನುವುದು ಇರಲಿಲ್ಲ, ಬೇಸ್ ಪೆಟ್ಟಿಗೆಗಳಿದ್ದವು. ಅದರ ಮೇಲೆ ಕೂತೇ ಊಟ, ಅದರ ಮೇಲೆ ಕೂತೇ ಓದು. ನಾನು ಶಾಲೆಯ ಹೋಂವರ್ಕ್ ಬರೆಯುವ ಹೊತ್ತಿಗೆ ಅಪ್ಪ ಕೆಳಗಿನ ಪೆಟ್ಟಿಗೆಯನ್ನೇ ಪರೀಕ್ಷೆ ಮಾಡುತ್ತಿದ್ದರೆ ನನ್ನ ಅಕ್ಷರವೆಲ್ಲ ನಡುಗುತ್ತಿತ್ತು. ಮೇಷ್ಟ್ರು ನೋಡಿ "ಚಳಿಜ್ವರ ಬಂದಿತ್ತೇನಮ್ಮ" ಎಂದು ಕೇಳುತ್ತಿದ್ದರು. ಅಂಟು, ಮರದ ಹೊಟ್ಟು, ಬೆಸುಗೆಯ ಹೊಗೆ, ಇವು ಸೇರಿದ ವಾಸನೆ ಬಂದರೆ ನನಗೆ ಈಗಲೂ ತವರಿಗೆ ಹೋದ ಹಾಗೆ. ಅಪ್ಪ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಮರ ನಡುಗಿದರೆ ಆ ಪೆಟ್ಟಿಗೆ ಕೆಲಸಕ್ಕೆ ಬಾರದ್ದು. "ಸದ್ದನ್ನ ಮರಾನೇ ತಿಂದ್ಬಿಟ್ರೆ ಜನಕ್ಕೇನು ಕೊಡ್ತೀಯ" ಎಂದು ಪೆಟ್ಟಿಗೆಯನ್ನೇ ಗದರುತ್ತಿದ್ದರು.

ಅಂಥ ಮನೆಯಿಂದ ನಾನು ಮದುವೆಯಾಗಿ ಬಂದದ್ದು ಸೂಲಿಬೆಲೆಯ ಆಚೆ, ರೇಷ್ಮೆ ಹುಳು ಸಾಕುವ ಮನೆಗೆ. ದೂರವೇನಿಲ್ಲ, ಒಂದೇ ಬಸ್ಸು. ಸದ್ದಿನ ಲೆಕ್ಕದಲ್ಲಿ ಮಾತ್ರ ಬೇರೆ ದೇಶ. ನನ್ನ ಗಂಡ ನಾರಾಯಣಸ್ವಾಮಿ ಹಿಪ್ಪುನೇರಳೆ ತೋಟ ನೋಡಿಕೊಂಡರೆ, ಹುಳು ಪೂರ್ತಿಯಾಗಿ ನನ್ನ ಅತ್ತೆ ಮುನಿನಂಜಮ್ಮನವರ ಕೈಯಲ್ಲಿ. ನಡುಮನೆಯ ಗೋಡೆಯ ಆಚೆಗೇ ಹುಳುಮನೆ. ಮನೆಗೆ ಹುಳು ಬಂತೆಂದರೆ ಒಗ್ಗರಣೆಯ ಘಾಟು ಬೇಡ, ಊದಿನಕಡ್ಡಿ ಬೇಡ, ಪೌಡರ್ ಬೇಡ, ಹೊರಗಿನವರ ಕಾಲು ಬೇಡ. ಎಲ್ಲಕ್ಕಿಂತ ಹೆಚ್ಚಾಗಿ ಸದ್ದು ಬೇಡ. ಅದರಲ್ಲೂ ಜ್ವರದ ಹೊತ್ತಿನಲ್ಲಿ. ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ಅಲುಗದೆ ಕೂತು, ಪೊರೆ ಬಿಡುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಬಾಗಿಲು ಜೋರಾಗಿ ಹಾಕಿದರೂ ಅತ್ತೆಯ ಕಣ್ಣು ಕೆಂಪಾಗುತ್ತಿತ್ತು. ಹೀಗಾಗಿ ಮನೆಯವರೆಲ್ಲರೂ ಪಿಸುಮಾತಿನಲ್ಲೇ ಸಂಸಾರ ಮಾಡುವುದನ್ನು ಕಲಿತಿದ್ದರು. ಉಪ್ಪು ಬೇಕಾದರೂ ಪಿಸುಮಾತು, ಜಗಳವಾದರೂ ಪಿಸುಮಾತು. ಪಿಸುಮಾತಿನಲ್ಲಿ ಜಗಳವಾಡಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ನನಗೆ ಹುಳುಮನೆಗೆ ಪ್ರವೇಶವಿರಲಿಲ್ಲ. ಗೋದಾಮಿನಿಂದ ಬರುವವಳು, ಮೈಮೇಲೆ ಸೋಪು, ಎಣ್ಣೆ, ಊರೆಲ್ಲದರ ವಾಸನೆ. ಅದಕ್ಕೆ ನನಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಬೇರೆಯದಕ್ಕೆ. ನಾನು ಏನಾದರೂ ಹೇಳಿದರೆ ಅತ್ತೆ ಎಷ್ಟೋ ಸಲ ತಿರುಗಿಯೂ ನೋಡುತ್ತಿರಲಿಲ್ಲ. ಹುಳುಮನೆಗೆ ಸೇರಿಸದವಳನ್ನು ಮಾತಿಗೂ ಸೇರಿಸುವುದಿಲ್ಲ ಎಂದುಕೊಂಡೆ. ನನಗೂ ಮೂಗಿನ ತುದಿಯಲ್ಲೇ ಕೋಪ. ಹಾಗಿದ್ದರೆ ಹಾಗೇ ಇರಲಿ ಎಂದು ಇನ್ನೂ ಸಣ್ಣಗೆ ಮಾತಾಡತೊಡಗಿದೆ.

ಮದುವೆಗೆ ಅಪ್ಪ ತಾವೇ ಜೋಡಿಸಿದ ಒಂದು ಆಂಪ್ಲಿಫೈಯರ್, ಎರಡು ಪುಟ್ಟ ಸ್ಪೀಕರ್ ಕೊಟ್ಟಿದ್ದರು. ಬೇರೆ ತಂದೆಯರು ಬೀಗರಿಗೆ ಮಗಳು ಅಡುಗೆ ಚೆನ್ನಾಗಿ ಮಾಡುತ್ತಾಳೆ ಎಂದು ಹೇಳಿದರೆ, ನಮ್ಮಪ್ಪ ಛತ್ರದಲ್ಲಿ ಅತ್ತೆಯ ಎದುರು ನಿಂತು "ನನ್ ಮಗಳ ಕಿವಿ ಬಾಳ ಚುರುಕು" ಎಂದಿದ್ದರು. ನನಗೆ ನಾಚಿಕೆಯಾಗಿ ನೆಲ ನೋಡಿದ್ದೆ. ಆ ಸ್ಟೀರಿಯೋ ಎರಡು ಬೆಳೆಯ ನಡುವೆ, ಹುಳು ಇಲ್ಲದ ದಿನಗಳಲ್ಲಿ ಮಾತ್ರ ಹಾಡುತ್ತಿತ್ತು. ಹಾಡುತ್ತಿದ್ದದ್ದೂ ಅರ್ಧವೇ. ಮೃದಂಗದ ಬಲಗಡೆ ಕೇಳುತ್ತಿತ್ತು, ಎಡಗಡೆ ಕೇಳುತ್ತಿರಲಿಲ್ಲ. ಪುಟ್ಟ ಸ್ಪೀಕರಿನಿಂದ ಅಷ್ಟು ಕೆಳಗಿನ, ದಪ್ಪ ದನಿ ಬರುವುದಿಲ್ಲ, ಅದರ ತಪ್ಪಲ್ಲ. ಬೇಸ್ ಪೆಟ್ಟಿಗೆಯ ಮೇಲೆ ಕೂತು ಬೆಳೆದವಳಿಗೆ ಮಾತ್ರ ಅದು ಸಾರಿಲ್ಲದ ಮುದ್ದೆ.

ಹೊಸಕೋಟೆಯ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಅಪ್ಪನಿಗೆ ಗೊತ್ತಿದ್ದ ನಯಾಜಣ್ಣನ ಅಂಗಡಿ. ನನ್ನ ಸಂಬಳಕ್ಕೆ ಎಟುಕುವಂಥವನ್ನೆಲ್ಲ ಅವರು ಸಾಲಾಗಿ ಇಟ್ಟರು. ಮೊದಲನೆಯದು ನೀಲಿ ದೀಪ ಉರಿಯುವ ದೊಡ್ಡ ಪೆಟ್ಟಿಗೆ, ಮುಂದೆ ಕೈ ಹಿಡಿಸುವಷ್ಟು ತೂತು. ಅಂಗಡಿಯ ಗಾಜು ಗಡಗಡ ಎಂದಿತು. "ಗುದ್ದು ಹೆಂಗೈತೆ ನೋಡಮ್ಮ" ಎಂದರು ನಯಾಜಣ್ಣ. ಗುದ್ದೇನೋ ಇತ್ತು, ಆದರೆ ಮೃದಂಗಕ್ಕೂ ಅದೇ ಗುದ್ದು, ತಂಬೂರಿಗೂ ಅದೇ ಗುದ್ದು. ಎರಡನೆಯದು ಯಾರೋ ವಾಪಸ್ ಕೊಟ್ಟದ್ದು; ಮೇಲೆ ಅಂಗೈ ಇಟ್ಟರೆ ಮರ ನಡುಗುತ್ತಿತ್ತು. ಮೂಲೆಯಲ್ಲಿ ಧೂಳು ಹೊದ್ದು ಒಂದು ಚಿಕ್ಕ ಕಪ್ಪು ಪೆಟ್ಟಿಗೆ ಕೂತಿತ್ತು. ತೂತಿಲ್ಲ, ದೀಪವಿಲ್ಲ, ಹಿಂದೆ ಎರಡು ಗುಂಡಿ. ಒಂದು ಸದ್ದು ಎಷ್ಟು ಎನ್ನುವುದಕ್ಕೆ, ಇನ್ನೊಂದು ಎಲ್ಲಿಂದ ಕೆಳಗಿನ ದನಿಯನ್ನು ತಾನು ಹಾಡಬೇಕು ಎನ್ನುವುದಕ್ಕೆ. ಅದನ್ನು ಹಾಕಿದಾಗ ಗಾಜು ಅಲುಗಲಿಲ್ಲ. ಅಂಗೈಗೆ ಏನೂ ಗೊತ್ತಾಗಲಿಲ್ಲ, ಎದೆಗೆ ಗೊತ್ತಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡು ನಿಂತವಳನ್ನು ನೋಡಿ ನಯಾಜಣ್ಣ ಗಾಬರಿಯಾಗಿ "ಮನೇಲಿ ಹಾಕಿ ನೋಡಮ್ಮ, ಎಂಟು ದಿನದೊಳಗೆ ಹೊಂದ್ಲಿಲ್ಲ ಅಂದ್ರೆ ತಂದ್ಕೊಡು, ವಾಪಸ್ ತಗೋತೀನಿ" ಎಂದರು.

ಇಲ್ಲೇ ಎಡವಟ್ಟಾದದ್ದು. ನನ್ನ ಲೆಕ್ಕದ ಪ್ರಕಾರ ಆ ಹೊತ್ತಿಗೆ ಗೂಡು ಇಳಿಸಿ ಮಾರುಕಟ್ಟೆಗೆ ಹೋಗಿರಬೇಕಿತ್ತು. ಆದರೆ ಆ ಸಲ ಮರಿಹುಳು ಬಂದದ್ದೇ ತಡವಾಗಿತ್ತು. ನಾನು ಪೆಟ್ಟಿಗೆ ತಂದಿಳಿಸಿದ ದಿನ ಹುಳು ನಾಲ್ಕನೇ ಜ್ವರಕ್ಕೆ ಇನ್ನೂ ಕೂತಿರಲಿಲ್ಲ. ಅತ್ತೆ ಪೆಟ್ಟಿಗೆಯನ್ನು ಒಂದು ಸುತ್ತು ಬಂದು ನೋಡಿ "ಗೂಡು ಇಳಿಸೋ ಗಂಟ ಇದರ ಬಾಯಿ ಬಿಡಿಸ್ಬೇಡ" ಎಂದು ಹೇಳಿ ಒಳಗೆ ಹೋದರು. ಗೂಡು ಇಳಿಸುವ ಹೊತ್ತಿಗೆ ನಯಾಜಣ್ಣನ ಎಂಟು ದಿನ ಮುಗಿದಿರುತ್ತದೆ. ಮನೆಯಲ್ಲಿ ಹಾಕಿ ನೋಡದೆ ಇಟ್ಟುಕೊಳ್ಳುವುದು ಹೇಗೆ? ಅಂಗಡಿಯಲ್ಲಿ ಹಾಡಿದ್ದು ಮನೆಯಲ್ಲಿ ಹಾಡಬೇಕೆಂದೇನೂ ಇಲ್ಲ.

ಹಾಡಿಸಿದೆ. ವಿಮಾನ ಬಂದಾಗ.

ವಿಮಾನ ನಿಲ್ದಾಣವಾದ ಹೊಸದರಲ್ಲಿ ಅತ್ತೆ, ಇನ್ನು ಹುಳು ಉಳಿಯುವುದಿಲ್ಲ ಎಂದು ಅನ್ನ ಬಿಟ್ಟು ಕೂತಿದ್ದರಂತೆ. ಗಾಳಿ ಪಡುವಣದಿಂದ ಬೀಸುವ ದಿನಗಳಲ್ಲಿ ವಿಮಾನಗಳು ನಮ್ಮೂರ ಮೇಲೆಯೇ ತಗ್ಗಿ ಬರುತ್ತವೆ. ತಟ್ಟೆ, ಲೋಟ ಎಲ್ಲ ಗೊಣಗುತ್ತವೆ. ಆದರೂ ಹುಳು ಉಳಿದವು. ಆಮೇಲೆ ಅತ್ತೆ ವಿಮಾನದ ತಂಟೆಗೆ ಹೋಗಲಿಲ್ಲ. ಅಷ್ಟು ದೊಡ್ಡ ನಡುಕವನ್ನು ತಡೆದುಕೊಂಡ ಹುಳಕ್ಕೆ ಅದರ ಮರೆಯಲ್ಲಿ ನನ್ನದೊಂದು ಚಿಟಿಕೆ ಸೇರಿಸಿದರೆ ಗೊತ್ತಾಗುತ್ತದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸದ್ದು ಮೂಡಲಲ್ಲಿ ಕೇಳಿದ ಕೂಡಲೇ ಆಂಪ್ಲಿಫೈಯರಿನ ಗುಂಡಿ ಬಲಕ್ಕೆ. ತಲೆಯ ಮೇಲೆ ಬಂದಾಗ ಪೂರ್ತಿ. ದಾಟಿತೆಂದರೆ ಎಡಕ್ಕೆ. ಒಂದು ವಿಮಾನಕ್ಕೆ ಒಂದು ಪಲ್ಲವಿ ಸಿಗುತ್ತಿತ್ತು, ಚರಣಕ್ಕೆ ಮುಂದಿನದಕ್ಕೆ ಕಾಯಬೇಕು. ಕಿವಿ ಆಕಾಶದಲ್ಲಿ, ಕಣ್ಣು ಹುಳುಮನೆಯ ಬಾಗಿಲಲ್ಲಿ, ಕೈ ಗುಂಡಿಯ ಮೇಲೆ. ಅಂಗೈ ಬೆವೆತು ಗುಂಡಿ ಜಾರುತ್ತಿತ್ತು. ಸಂಗೀತ ಕೇಳುವ ಸುಖ ಇದೇ ಎಂದಾದರೆ ಕಳ್ಳತನವನ್ನೇ ಮಾಡಬಹುದಿತ್ತು.

ಸಬ್‌ವೂಫರನ್ನು ಎಲ್ಲಿ ಇಡಬೇಕೆಂದು ಕಂಡುಹಿಡಿಯುವುದಕ್ಕೆ ಅಪ್ಪನ ಒಂದು ಉಪಾಯವಿದೆ. ನೀವು ಕೂರುವ ಜಾಗದಲ್ಲಿ ಪೆಟ್ಟಿಗೆಯನ್ನು ಕೂರಿಸಿ, ಪೆಟ್ಟಿಗೆ ಕೂರಬಹುದಾದ ಜಾಗಗಳಲ್ಲೆಲ್ಲ ನೀವು ಅಂಬೆಗಾಲಿಟ್ಟು ಓಡಾಡಬೇಕು, ಕಿವಿ ನೆಲದ ಹತ್ತಿರ. ಎಲ್ಲಿ ದನಿ ಹದವಾಗಿ ಕೇಳುತ್ತದೋ ಅಲ್ಲಿ ಅದರ ಸ್ಥಾನ. ಇದಕ್ಕೆ ಒಂದು ಪಲ್ಲವಿ ಸಾಲದು. ಸಂಜೆ ಹೊತ್ತು ಮುಳುಗುವ ಮುಂಚೆ ವಿಮಾನಗಳು ಒಂದರ ಹಿಂದೊಂದು ಇಳಿಯುತ್ತವಲ್ಲ, ಆ ಹೊತ್ತನ್ನು ಆರಿಸಿಕೊಂಡೆ. ದಿವಾನಿನ ಮೇಲೆ ಪೆಟ್ಟಿಗೆ ಏರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಡೆಗುಂಟ ಹೊರಟೆ. ಟಿವಿಯ ಹತ್ತಿರ ಗವ್ ಎನ್ನುತ್ತಿತ್ತು. ಅಕ್ಕಿ ಮೂಟೆಯ ಹತ್ತಿರ ಏನೂ ಇಲ್ಲ. ಬೀರುವಿನ ಪಕ್ಕ ಎಡಗಡೆಯ ಮೃದಂಗ ಹದವಾಗಿ ಬಂತು. ಆ ಖುಷಿಯಲ್ಲಿ ಆಕಾಶದ ಕಡೆ ಗಮನ ಹೋಗಲಿಲ್ಲ. ಗಾಳಿ ತಿರುಗಿತ್ತು. ಗಾಳಿ ತಿರುಗಿದರೆ ವಿಮಾನಗಳು ಆ ಬದಿಯಿಂದ ಇಳಿಯುತ್ತವೆ, ನಮ್ಮೂರ ಮೇಲೆ ಒಂದೂ ಬರುವುದಿಲ್ಲ. ದಿನವೂ ಅಲ್ಲೇ ಕೆಲಸ ಮಾಡುವ ನಾನು ಇದನ್ನು ಬಲ್ಲೆ. ಬಲ್ಲವಳು ನೆಲಕ್ಕೆ ಕಿವಿಯಿಟ್ಟಿದ್ದೆ.

ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ.

"ಓಲೆ ಬಿತ್ತಾ?" ಎಂದರು.

"ಹೂಂ" ಎಂದೆ. ಬೇರೇನು ಹೇಳಲಿ, ನೀವೇ ಹೇಳಿ.

ಅತ್ತೆ ಪಾಪ, ತಾವೂ ಮಂಡಿಯೂರಿ ಹುಡುಕುವುದಕ್ಕೆ ಶುರು ಮಾಡಿದರು. ದಿವಾನಿನ ಮೇಲೆ ಪೆಟ್ಟಿಗೆ ಗುಂಯ್‌ಗುಡುತ್ತಿದೆ, ಗೋಡೆಯ ಮೇಲಿನ ಪುಟ್ಟ ಸ್ಪೀಕರುಗಳಲ್ಲಿ ಗಾಯಕಿ ಸ್ಪಷ್ಟವಾಗಿ ಹಾಡುತ್ತಿದ್ದಾರೆ. ಅತ್ತೆ ತಡಕುವ ಕೈ ನಿಲ್ಲಿಸಿ ಸೂರಿನ ಕಡೆ ನೋಡಿದರು. "ಈ ವಿಮಾನ ಇವತ್ಯಾಕೋ ಮುಂದಕ್ಕೇ ಹೋಗ್ತಿಲ್ಲ. ನಿಂತ್ಕಂಡ್ಬಿಟ್ಟೈತೆ. ಹುಳ ಬೇರೆ ಈಗ ಜ್ವರಕ್ಕೆ ಕೂತವೆ." ನಾನು ಮೆಲ್ಲಗೆ ದಿವಾನಿನತ್ತ ಸರಿದು, ಕೈ ಚಾಚಿ, ಪೆಟ್ಟಿಗೆಯ ಹಿಂದಿನ ಸದ್ದಿನ ಗುಂಡಿಯನ್ನು ಎಡಕ್ಕೆ ತಿರುಗಿಸಿದೆ. "ಹಾ, ಹೋಯ್ತು" ಎಂದು ಅತ್ತೆ ನೆಮ್ಮದಿಯ ಉಸಿರು ಬಿಟ್ಟು ನನ್ನ ಕಡೆ ನೋಡಿ, "ಎರಡೂ ಓಲೆ ಕಿವೀಲೇ ಅವಲ್ಲೇ" ಎಂದು ಎದ್ದು ಹೋದರು. ಗಾಯಕಿ ಇನ್ನೂ ಹಾಡುತ್ತಲೇ ಇದ್ದರು. ಹಾಡಿನ ಬಗ್ಗೆ ಅತ್ತೆ ಒಂದು ಮಾತೂ ಎತ್ತಲಿಲ್ಲ. ಬೈಗುಳವನ್ನು ಕೂಡಿಡುತ್ತಿದ್ದಾರೆ ಎಂದುಕೊಂಡೆ.

ಬೈಗುಳ ಬರಲಿಲ್ಲ. ಅದಕ್ಕಿಂತ ಕೆಟ್ಟದ್ದು ಬಂತು. ಜ್ವರ ಬಿಟ್ಟು ಹುಳು ಎದ್ದವು. ನಾಲ್ಕನೇ ಜ್ವರ ಎದ್ದ ಹುಳು ಗೂಡು ಕಟ್ಟುವ ತನಕ ಒಂದೇ ಸಮನೆ ತಿನ್ನುತ್ತದೆ, ಬೆಳೆ ನಿಲ್ಲುವುದೂ ಬೀಳುವುದೂ ಆಗಲೇ. ಅತ್ತೆ ಅದನ್ನು ಕಣ್ಣಿನಿಂದ ನೋಡಿ ಹೇಳುವವರಲ್ಲ. ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು, ಒಳಗಿನ ಮೇಯುವ ಸದ್ದು ಕೇಳಿ, ಯಾವ ಸಾಲು ಎದ್ದಿದೆ, ಯಾವ ಸಾಲು ಮಂಕಾಗಿದೆ ಎಂದು ಹೇಳುತ್ತಿದ್ದರು. ಊರಿನವರೆಲ್ಲ ಅವರ ಕಿವಿಯನ್ನು ನಂಬುತ್ತಿದ್ದರು. ಆ ಬೆಳಿಗ್ಗೆ ನಿಂತೇ ಇದ್ದರು, ನಿಂತೇ ಇದ್ದರು. ಕಣ್ಣು ತೆರೆದಾಗ ಮುಖ ಕಪ್ಪಿಟ್ಟಿತ್ತು. "ಸದ್ದಿಲ್ಲ" ಎಂದರು.

"ತಿಂತಾ ಅವೆ ಕಣಮ್ಮ" ಎಂದು ನನ್ನ ಗಂಡ ಮನೆಯ ವಾಡಿಕೆಯಂತೆ ಪಿಸುಗುಟ್ಟಿದರು.

"ಏನು ಗೊಣಗ್ತೀಯ. ಎಲೆ ಖಾಲಿಯಾಗ್ತಾ ಐತೆ, ಸದ್ದೇ ಇಲ್ಲ. ಸದ್ದಿಲ್ದೆ ತಿನ್ನೋ ಹುಳ ನಾನು ಹುಟ್ಟಿದಾಗಿಂದ ಕಂಡಿಲ್ಲ. ಸಪ್ಪೆರೋಗ ಬಡಿದೈತೆ."

ಸಪ್ಪೆರೋಗ ಎಂದರೆ ಹುಳು ಬಾಡಿ ಮೆತ್ತಗಾಗಿ ಸಾಯುವ ರೋಗ. ಬಂದರೆ ಬೆಳೆಯನ್ನೆಲ್ಲ ಗುಂಡಿ ತೋಡಿ ಮುಚ್ಚುವುದೇ. ಅತ್ತೆ ಊಟ ಬಿಟ್ಟರು. ಯಾರು ಒಳಗೆ ಬಂದಿದ್ದರು, ಯಾರು ಸಾಂಬ್ರಾಣಿ ಹಾಕಿದರು ಎಂದು ಒಬ್ಬೊಬ್ಬರನ್ನೇ ಕೇಳಿದರು. ನನ್ನನ್ನು ಕೇಳಲಿಲ್ಲ. ನಾನು ತೋಟಕ್ಕೆ ಹೋಗಿ, ಸೊಪ್ಪು ಕೊಯ್ಯುತ್ತಿದ್ದ ಗಂಡನಿಗೆ ವಿಮಾನದ ಮರೆಯ ಕಥೆಯನ್ನೆಲ್ಲ ಹೇಳಿಬಿಟ್ಟೆ. ಅವರು ಕುಡುಗೋಲು ಕೆಳಗಿಟ್ಟರು. "ನಿಮಗೆ ಕೇಳಿಸ್ತಲ್ಲ, ತಿಂತಾ ಅವೆ ಅಂದ್ರಲ್ಲ" ಎಂದು ಆಸೆಯಿಂದ ಕೇಳಿದೆ.

"ನನಗೇನೋ ಕೇಳಿಸ್ತು" ಎಂದರು. "ಆದ್ರೆ ಅಮ್ಮನ ಕಿವಿ ತಪ್ಪಲ್ಲ ಕಣೇ. ನನಗೆ ಕೇಳಿಸಿದ್ದು ಮೇಲಿನ ಸಾಲು ಇರ್ಬೇಕು. ಒಳಗಿನವು ತಿಂತಿಲ್ವೇನೋ." ಕುಡುಗೋಲನ್ನು ಮತ್ತೆ ಎತ್ತಿಕೊಂಡು, "ನಾಳೆಗೆ ಎಂಟು ದಿನ ಅಲ್ವಾ. ವಾಪಸ್ ಕೊಟ್ಬಿಡಣ" ಎಂದರು. ನಾನು ಹೂಂ ಎಂದೆ. ಆ ಪೆಟ್ಟಿಗೆಯ ಮುಖ ನೋಡುವುದೂ ನನಗೆ ಬೇಡವಾಗಿತ್ತು.

ಮರುದಿನ ಬೆಳಿಗ್ಗೆ ಅವರು ಪೆಟ್ಟಿಗೆಗೆ ಗೋಣಿ ಸುತ್ತಿ ಸ್ಕೂಟರಿಗೆ ಬಿಗಿಯುತ್ತಿದ್ದರು. ನಾನು ಹಗ್ಗ ಹಿಡಿದು ನಿಂತಿದ್ದೆ. ಹಿತ್ತಲ ಕಡೆಯಿಂದ ಅತ್ತೆ ನನ್ನನ್ನು ಕರೆದರು. "ಸೋಪು ಹಾಕ್ದೆ ನೀರು ಹುಯ್ಕೊಂಡು ಬಾ. ನನ್ನ ಹಳೇ ಸೀರೆ ದಾರದ ಮೇಲೈತೆ, ಅದುನ್ನ ಉಟ್ಕೋ." ವಿಚಾರಣೆಯೇ ಎಂದುಕೊಂಡೆ. ತಲೆಯ ಮೇಲೆ ತಣ್ಣೀರು ಸುರಿದುಕೊಂಡು ಆ ಸೀರೆ ಉಟ್ಟೆ.

ಅತ್ತೆ ಹುಳುಮನೆಯ ಬಾಗಿಲು ತೆರೆದು ನನ್ನನ್ನು ಒಳಗೆ ಬಿಟ್ಟುಕೊಂಡರು. ಮದುವೆಯಾದ ಮೇಲೆ ಮೊದಲ ಸಲ. ಮಬ್ಬು ಬೆಳಕು, ಅಟ್ಟಣಿಗೆಗಳ ತುಂಬ ಸೊಪ್ಪಿನ ರೆಂಬೆಗಳು. ನನ್ನ ಕಿವಿಗೆ ಬಿದ್ದದ್ದನ್ನು ಹೇಗೆ ಹೇಳಲಿ. ದೊಡ್ಡ ಪಂಕ್ತಿಯಲ್ಲಿ ಕೂತವರೆಲ್ಲ ಮಾತಾಡದೆ ಒಟ್ಟಿಗೆ ಹಪ್ಪಳ ಮುರಿಯುತ್ತಿದ್ದ ಹಾಗಿತ್ತು. ಮೇಲಿನ ಸಾಲು, ಕೆಳಗಿನ ಸಾಲು, ಮೂಲೆಯ ಸಾಲು, ಎಲ್ಲೂ ಬಿಡುವಿಲ್ಲ. ನಾನು ಅತ್ತೆಯ ಕಡೆ ತಿರುಗಿದೆ. ಅವರು ಹುಳುಗಳನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದರು.

"ನಿನ್ ಕಿವಿ ಚುರುಕು ಅಂತ ನಿಮ್ಮಪ್ಪ ಹೇಳಿದ್ರು" ಎಂದರು. "ಕೇಳಿ ಹೇಳು. ತಿಂತಾವಾ?"

"ತಿಂತಾವೆ" ಎಂದು ಪಿಸುಗುಟ್ಟಿದೆ.

ಅತ್ತೆ ನನ್ನ ತುಟಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ಏನು?"

ಆಗ ನನಗೆ ಗೊತ್ತಾಯಿತು. ತಿರುಗಿ ನೋಡದ ಅತ್ತೆ, ಹಾಡಿನ ಮಾತೆತ್ತದ ಅತ್ತೆ, ಮುಂದಕ್ಕೆ ಹೋಗದೆ ನಿಂತ ವಿಮಾನ, ಎಲ್ಲವೂ ಒಂದೇ ಸಲಕ್ಕೆ ಗೊತ್ತಾಯಿತು. ಅವರ ಕಿವಿಗೆ ಕೆಳಗಿನ ದಪ್ಪ ದನಿ ಮಾತ್ರ ಉಳಿದಿತ್ತು. ಮೇಲಿನ ತೆಳು ದನಿಯೆಲ್ಲ ಯಾವಾಗಲೋ ಸದ್ದಿಲ್ಲದೆ ಹೋಗಿಬಿಟ್ಟಿತ್ತು. ಸೌಂಡ್ ಸರ್ವೀಸಿನವನ ಮಗಳು ಒಂದೇ ಸೂರಿನಡಿ ಇದ್ದು ಅದನ್ನು ಕೊಬ್ಬು ಎಂದುಕೊಂಡಿದ್ದಳು. ನಮ್ಮಪ್ಪ ಮೈಕು ಪರೀಕ್ಷೆ ಮಾಡುವಾಗ ಎತ್ತುತ್ತಿದ್ದ ದನಿಯಲ್ಲಿ, ಆ ಮನೆಯಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದೆ.

"ತಿಂತಾವೆ ಅತ್ತೆ. ಎಲ್ಲಾ ಸಾಲೂ ತಿಂತಾವೆ. ಜೋರಾಗಿ ತಿಂತಾವೆ."

ಹುಳುಗಳು ನನ್ನ ದನಿಗೆ ಸೊಪ್ಪೂ ಹಾಕಲಿಲ್ಲ, ಮೇಯುತ್ತಲೇ ಇದ್ದವು.

"ಜೋರಾಗಾ?"

"ಜೋರಾಗಿ."

ಅತ್ತೆ ಹೊಸ್ತಿಲ ಮೇಲೆ ಕೂತರು. ಸೆರಗನ್ನು ತಲೆಯ ಮೇಲಿಂದ ಕಿವಿ ಮುಚ್ಚುವಂತೆ ಎಳೆದುಕೊಂಡರು. "ಹಂಗಾದ್ರೆ ಹುಳ ಚೆನ್ನಾಗವೆ" ಎಂದರು. ಮತ್ತೆ, ತಮಗೆ ತಾವೇ, "ಹುಳ ಚೆನ್ನಾಗೇ ಅವೆ" ಎಂದರು. ನಾನು ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ಅವರು ಅಳಲಿಲ್ಲ. ನನ್ನ ಬೆನ್ನ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಲ್ಲಿ ಕೆಳಗೆ ಬಿದ್ದಿದ್ದ ಒಂದು ಹುಳುವನ್ನು ಎತ್ತಿ ಸೊಪ್ಪಿನ ಮೇಲೆ ಬಿಟ್ಟರು.

ಹೊರಗೆ ಸ್ಕೂಟರ್ ಶುರುವಾದ ಸದ್ದು ಅವರಿಗೂ ಕೇಳಿಸಿತು. ಎದ್ದು ಅಂಗಳಕ್ಕೆ ಬಂದು, ಗೋಣಿ ಸುತ್ತಿದ ಪೆಟ್ಟಿಗೆಯನ್ನೂ ಮಗನನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಅವತ್ತು ನಿಂತಿದ್ದ ವಿಮಾನ ಇದೇನಾ?" ಎಂದು ಕೇಳಿದರು.

"ಹೂಂ ಅತ್ತೆ" ಎಂದೆ, ಜೋರಾಗಿಯೇ.

"ಇಳ್ಸೋ ಅದ" ಎಂದರು ಮಗನಿಗೆ. "ಗೂಡು ಇಳಿಸೋ ಗಂಟ ಬಾಯಿ ಮುಚ್ಕೊಂಡಿರ್ಲಿ, ಅಷ್ಟೇ. ಈ ಮನೇಲಿ ನನಗೆ ಕೇಳಿಸೋ ಹಂಗೆ ಮಾತಾಡೋದು ಅದೊಂದೇ."

ನನ್ನ ಗಂಡ ಸ್ಕೂಟರ್ ಆರಿಸಿ, ನಮ್ಮಿಬ್ಬರಿಗೆ ಬೆನ್ನು ತಿರುಗಿಸಿ ನಿಂತು, ಹಗ್ಗದ ಗಂಟು ಬಿಚ್ಚತೊಡಗಿದರು. ಅದನ್ನು ಬಿಚ್ಚುವುದಕ್ಕೆ ಅವರಿಗೆ ಬಹಳ ಹೊತ್ತು ಹಿಡಿಯಿತು.